ತಂಬಿಗೆಯ ತಳದ ಹೆಸರು

ಯಾರ ಮನೆಯಲ್ಲಿ ನೀರು ಕೊಟ್ಟರೂ ಕುಡಿಯುವ ಮೊದಲು ಲೋಟವನ್ನೆತ್ತಿ ಅದರ ಮೇಲಿನ ಹೆಸರನ್ನು ಓದುವ ದುರಭ್ಯಾಸ ನನಗಿದೆ. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವನಿಗೆ ಶಾಸನವೆಂದರೆ ಕಲ್ಲಿನ ಮೇಲೇ ಇರಬೇಕೆಂಬ ಹಠವಿಲ್ಲ ನೋಡಿ. ಮದುವೆಗೆ ಉಡುಗೊರೆಯಿತ್ತ ಸೋದರತ್ತೆ, ಗೃಹಪ್ರವೇಶಕ್ಕೆ ಬಂದ ನೆರೆಯವರು, ಹೀಗೆ ಎಷ್ಟೋ ಸಾಮಂತರು ನಮ್ಮ ಅಡುಗೆಮನೆಯ ಸ್ಟೀಲಿನ ಮೇಲೆ ಚುಕ್ಕೆಚುಕ್ಕೆಯಾಗಿ ಅಜರಾಮರರಾಗಿದ್ದಾರೆ. ಕೊಟ್ಟವರ ಹೆಸರುಂಟು, ಕೊಂಡವರ ಹೆಸರುಂಟು. ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ. ಇದು ಈ ಮಹಾಸಂಶೋಧಕನ ಗಮನಕ್ಕೆ ಬಂದದ್ದು ಹೋದ ವರ್ಷ, ಅದೂ ಹೆಂಡತಿಯ ದೆಸೆಯಿಂದ.

ಅವಳ ಅಜ್ಜಿ ಗೌರಮ್ಮನವರದೊಂದು ತಾಮ್ರದ ತಂಬಿಗೆ ನಮ್ಮಲ್ಲಿತ್ತು. ಸೊಂಟದಲ್ಲೊಂದು ತಗ್ಗು, ತಳದಲ್ಲಿ ಅಜ್ಜಿಯ ಹೆಸರು. ಪಾಲಿಬೆಟ್ಟದಲ್ಲಿರುವ ನಮ್ಮ ದೊಡ್ಡ ಮಗಳು, ಭಾಗಮಂಡಲದ ಎರಡನೆಯವಳು, ಕುಶಾಲನಗರದಲ್ಲಿ ನಮ್ಮೊಡನೆಯೇ ಇರುವ ಕಿರಿಯವಳು, ಬಂಗಾರದ ವಿಷಯದಲ್ಲಿ ತುಟಿಪಿಟಕ್ಕೆನ್ನದ ಈ ಮೂವರೂ ತಂಬಿಗೆ ತನಗೇ ಬೇಕೆಂದು ಪಟ್ಟು ಹಿಡಿದು ಒಬ್ಬರೊಡನೊಬ್ಬರು ಮಾತು ಬಿಟ್ಟರು. ಹೆಂಡತಿ ತಂಬಿಗೆಯನ್ನು ಎತ್ತಿಕೊಂಡು ಪೇಟೆಯ ಹಿಂದಿನ ಬೀದಿಯ ಪಾತ್ರೆ ಕೆಲಸದ ಮಂಜಾಚಾರಿಯ ಬಳಿಗೆ ಹೊರಟಳು. ಇಂಥವೇ ಇನ್ನೆರಡು ಬೇಕು, ತಗ್ಗು ಸಹಿತ. ಅಜ್ಜಿಯದು ಯಾವುದೆಂದು ತನಗೂ ತಿಳಿಯಬಾರದು ಎಂಬುದು ಅವಳ ಕರಾರು.

ನಾನು ಕುಣಿಯುವುದೊಂದು ಬಾಕಿ! ಇದು ಸಾಕ್ಷಾತ್ ರೋಮಿನ ಪುರಾಣ. ದೊರೆ ನೂಮನ ಮುಂದೆ ಆಕಾಶದಿಂದ ಗುರಾಣಿಯೊಂದು ಬಿತ್ತಂತೆ. ಅದಿರುವ ತನಕ ರಾಜ್ಯ ಕ್ಷೇಮ. ಕಳ್ಳರಿಗೆ ಗುರುತು ಹತ್ತದಿರಲೆಂದು ಮಾಮುರಿಯಸ್ ಎಂಬ ಕಮ್ಮಾರ ಅಂಥವೇ ಹನ್ನೊಂದನ್ನು ಮಾಡಿದ. ಅಸಲು ಯಾವುದೆಂದು ದೊರೆಗೂ ಹೊಳೆಯಲಿಲ್ಲ. ಬಹುಮಾನ ಏನು ಬೇಕೆಂದು ದೊರೆ ಕೇಳಿದ್ದಕ್ಕೆ ಕಮ್ಮಾರ, ಗುರಾಣಿ ಹಿಡಿದು ಕುಣಿಯುವ ಪುರೋಹಿತರ ಹಾಡಿನ ಕೊನೆಗೆ ನನ್ನ ಹೆಸರಿದ್ದರೆ ಸಾಕು ಎಂದನಂತೆ. ಇದನ್ನೆಲ್ಲ ಆಚಾರಿಯ ಅಂಗಡಿಯಲ್ಲಿ ಏಳನೇ ತರಗತಿಯ ಮುಂದೆ ನಿಂತವನಂತೆ ಕೈಬೀಸಿ ಹೇಳುವಾಗ ಎರಡು ಕೊಳಗಗಳು ಉರುಳಿದವು.

“ಆಮೇಲೆ ಹಾಡಿದ್ರಾ ಸಾರ್?” ಎಂದರು ಆಚಾರಿ.

“ಈಗಲೂ ಹಾಡ್ತಾರೆ” ಎಂದುಬಿಟ್ಟೆ. ಕಾಲಾಂತರದಲ್ಲಿ ಹಾಡಿನ ಅರ್ಥ ಹಾಡುವವರಿಗೇ ಮರೆತುಹೋದದ್ದನ್ನು, ಆ ಕಮ್ಮಾರನ ಹೆಸರು ಹೊರಿಸಿದ ಮುದುಕನೊಬ್ಬನನ್ನು ವರ್ಷಕ್ಕೊಮ್ಮೆ ಕೋಲಿನಿಂದ ಬಡಿದು ಊರಾಚೆಗಟ್ಟುತ್ತಿದ್ದುದನ್ನು ನುಂಗಿಕೊಂಡೆ. ಚರಿತ್ರೆಯ ಮೇಷ್ಟ್ರು ಮಾಡಬಾರದ ಕೆಲಸ.

ತಿಂಗಳಾದ ಮೇಲೆ ಹೋದರೆ ಗೋಣಿಯ ಮೇಲೆ ಮೂರು ತಂಬಿಗೆಗಳು, ಮೂರರಲ್ಲೂ ತಗ್ಗು, ಮೂರರಲ್ಲೂ ಗೌರಮ್ಮ. ಹೆಂಡತಿಯ ಕಣ್ಣು ತುಂಬಿತು. ಆಚಾರಿ ಕೈ ಒರೆಸಿಕೊಳ್ಳುತ್ತ, “ಇದೇ ಕೊನೆ ಕೆಲ್ಸ ಅಮ್ಮಾ, ಕೈ ನಡುಗ್ತದೆ. ಊರೋರ ಹೆಸ್ರೆಲ್ಲ ಕೆತ್ತಿದೀನಿ. ನಾನು ಮಾಡಿದ್ ಎರಡರಲ್ಲಿ ನಂದೂ ಹಾಕ್ಕಳ್ಲಾ?” ಎಂದರು.

ನನ್ನ ಉತ್ಸಾಹವೆಲ್ಲ ಇಳಿದುಹೋಯಿತು. ಎರಡರಲ್ಲಿ ಅವರ ಹೆಸರು ಬಿದ್ದರೆ ಮೂರನೆಯದು ಅಜ್ಜಿಯದೆಂದು ಜಗಜ್ಜಾಹೀರಾಗಿ ಮಕ್ಕಳ ಯುದ್ಧ ಮರಳಿ ಮೊದಲಾಗುತ್ತದೆ; ಬೇಡವೆಂದರೆ ಆ ಮನುಷ್ಯನ ಜೀವಮಾನದ ಆಸೆ ಅಲ್ಲಿಗೆ ಮುಗಿಯಿತು. ಹೆಂಡತಿ ಮೂರನ್ನೂ ಒಂದೊಂದಾಗಿ ತಿರುವಿ ನೋಡಿ, “ಅಜ್ಜೀದನ್ನ ಮಾಡಿದ್ಯಾರು?” ಎಂದು ಕೇಳಿದಳು.

“ಯಾರಿಗ್ ಗೊತ್ತಮ್ಮಾ. ನನ್ನಂಗೇ ಯಾವನೋ ಕೂತ್ಕಂಡು ಬಡ್ದಿರ್ತಾನೆ.”

“ಹಂಗಾದ್ರೆ ಮೂರಕ್ಕೂ ನಿಮ್ ಹೆಸ್ರು ಹಾಕಿ.”

ಹಾಕಿದರು. ಒಂದರಲ್ಲಿ ಅಕ್ಷರ ತುಸು ವಾಲಿದೆ. ಕಣ್ಣು ಮುಚ್ಚಿ ಒಂದೊಂದನ್ನು ಆರಿಸಿಕೊಂಡ ಮಕ್ಕಳು ಈಗ ದಿನವೂ ಫೋನಿನಲ್ಲಿ ಹರಟುತ್ತಾರೆ. ಅಜ್ಜಿ ತಂಬಿಗೆ ಎಂಬ ಮಾತೇ ಬಿದ್ದುಹೋಗಿದೆ, ಏಕೆಂದರೆ ಹಾಗೆಂದರೆ ಯಾವುದು ಎಂಬ ಪ್ರಶ್ನೆ ಏಳುತ್ತದಲ್ಲ. ನಮ್ಮ ಮಂಜಾಚಾರಿ ಫಳಫಳ ಅಂತಿದೆ ಎನ್ನುತ್ತಾಳೆ ಪಾಲಿಬೆಟ್ಟದವಳು. ಮೊನ್ನೆ ಬೆಳಿಗ್ಗೆ ಕಿರಿಯವಳು ಒಳಗಿನಿಂದ, “ಅಪ್ಪಾ, ಮಂಜಾಚಾರಿಗೆ ನೀರು ತುಂಬಿದ್ಯಾ?” ಎಂದು ಕೂಗಿದಳು. ನಾನು ಅರ್ಧ ಕಾಫಿ ಬಿಟ್ಟು, ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡು ಓಡಿದೆ.

ಅಂಗಡಿ ಮುಚ್ಚಿತ್ತು, ಆಚಾರಿ ಹಿಂದಿನ ಮನೆಯ ಜಗಲಿಯಲ್ಲಿದ್ದರು. ನನ್ನ ಏದುಸಿರು ಕಂಡು ನೀರು ತಂದುಕೊಟ್ಟರು. ಅಭ್ಯಾಸಬಲದಿಂದ ಲೋಟವನ್ನೆತ್ತಿ ನೋಡಿದೆ. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

“ಹಾಡ್ತಿದ್ದಾರೆ ಆಚಾರ್ರೇ, ಮೂರು ಮನೇಲೂ” ಎಂದು ನಡೆದದ್ದನ್ನೆಲ್ಲ ಹೇಳಿದೆ. ಈ ಸಲ ಸುಳ್ಳಿರಲಿಲ್ಲ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ, “ತಳಾನ ಜೋರಾಗಿ ತಿಕ್ಬೇಡಿ ಅನ್ನಿ ಸಾರ್, ಹೆಸ್ರು ಸವೀತದೆ” ಎಂದರು.