ಕೆಳಗಿನ ಸ್ವರ ಹಿಡಿಯುವವರು

ನಾನು ಮಾಡುವುದು ಸಂಗೀತ ಎಂದು ಹೇಳಿಕೊಳ್ಳಲು ನನಗೇ ಧೈರ್ಯ ಸಾಲದು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಮನೆಗೆ ಬಂದವನು, ಮುದ್ದೇಬಿಹಾಳದ ಗುಜರಿಯಲ್ಲಿ ಸಿಕ್ಕ ಹಳೆ ರೇಡಿಯೊಗಳ ಸಾಮಾನು ಜೋಡಿಸಿ ಮಾಡಿದ ಪೆಟ್ಟಿಗೆಯ ಗುಂಡಿ ತಿರುವುತ್ತ ಕೂಡುತ್ತೇನೆ. ಗುಂಯ್ ಎನ್ನುತ್ತದೆ, ಕಿರ್ರ್ ಎನ್ನುತ್ತದೆ. ಮೊದಲ ದಿನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದ್ದಳು: “ಮಿಕ್ಸರ್ ಸುಟ್ಟೈತೇನ್ರಿ?” ಅಷ್ಟು ಪ್ರಾಮಾಣಿಕ ವಿಮರ್ಶೆ ನನಗೆ ಮತ್ತೆ ಸಿಕ್ಕಿಲ್ಲ.

ಈ ಹುಚ್ಚಿಗೆ ಒಬ್ಬ ಜೊತೆಗಾರನಿದ್ದ, ಸಿಂದಗಿಯ ಮಲ್ಲಣ್ಣ. ಭಾನುವಾರ ತನ್ನ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದ. ನಮಗೆ ಜಗಳ ಬಿದ್ದದ್ದು ಒಂದೇ ಮಾತಿಗೆ: ಕೆಳಗೆ ಸುಮ್ಮನೆ ಒಂದೇ ಸ್ವರ ಹಿಡಿದು ಕೂಡುವವರು ಯಾರು? ನಮ್ಮ ಕಡೆಯ ಗೀಗೀ ಮೇಳಗಳಲ್ಲಿ ಈ ತಕರಾರಿಲ್ಲ. ಒಬ್ಬ ಹಾಡುತ್ತಾನೆ, ಇನ್ನೊಬ್ಬ ಒಂಟಿ ತಂತಿಯ ತುಂತುಣಿ ಮೀಟುತ್ತ ಪಕ್ಕಕ್ಕೆ ನಿಲ್ಲುತ್ತಾನೆ. ಹಾಡಿದವನ ಹೆಸರು ಸುತ್ತಲಿನ ಊರಿಗೆಲ್ಲ ಗೊತ್ತು, ತುಂತುಣಿಯವನ ಹೆಸರು ಅವನ ಮನೆಯವರಿಗೆ ಗೊತ್ತು. ನಮ್ಮಿಬ್ಬರಿಗೂ ಹಾಡುವವರೇ ಆಗಬೇಕಿತ್ತು. ಮಾತಿಗೆ ಮಾತು ಬೆಳೆದು, ಅವನು ವೈರು ಸುತ್ತಿಕೊಂಡು ಹೋದವನು ಮತ್ತೆ ಫೋನನ್ನೂ ಎತ್ತಲಿಲ್ಲ. ನನ್ನ ಸದ್ದಿಗೆ ತೂಗುತ್ತಿದ್ದ ತಲೆ ಇಡೀ ಜಿಲ್ಲೆಯಲ್ಲಿ ಅದೊಂದೇ. ಆಮೇಲಿನ ಭಾನುವಾರಗಳು ಬಹಳ ಖಾಲಿಯಾಗಿದ್ದವು.

ಹೋದ ವರ್ಷ ಕೊಲ್ಹಾರದಲ್ಲಿ, ಹಿನ್ನೀರಿನ ಕಡೆಯ ಮಂಗಲ ಕಾರ್ಯಾಲಯವೊಂದರಲ್ಲಿ, ಇಂಥ ಸದ್ದಿನವರದೇ ಒಂದು ಉತ್ಸವ ನಡೆಯಿತು. ಮಲ್ಲಣ್ಣನೂ ಬಂದಿದ್ದ, ಕಂಬದ ಆಚೆ ಅವನು, ಈಚೆ ನಾನು. ಊಟಕ್ಕಿನ್ನೂ ಹೊತ್ತಿತ್ತು. ಹಿತ್ತಲಿನ ಬೇವಿನ ನೆರಳಲ್ಲಿ ಇಂಡಿ ಊರಿನ ಶಾಂತಕ್ಕ ತಮ್ಮ ತೋಟದ ನಿಂಬೆಹಣ್ಣು ಹರವಿಕೊಂಡು, ಅವಕ್ಕೆ ವೈರು ಚುಚ್ಚಿ ಸ್ವರ ಎಬ್ಬಿಸುತ್ತಿದ್ದರು. ಬೇರೆಯವರು ನಿಂಬೆಯಿಂದ ಉಪ್ಪಿನಕಾಯಿ ಹಾಕಿದರೆ ಇವರು ರಾಗ ಹಾಕುತ್ತಾರೆ. ನಮ್ಮಿಬ್ಬರ ಬಿಗಿದ ಮುಖ ನೋಡಿ, “ಎಷ್ಟೊತ್ತು ಕಂಬಕ್ಕ ಆತು ನಿಂದರ್ತೀರಿ? ಪೆಟ್ಟಿಗಿ ತಗೊಂಡು ಇಬ್ಬರೂ ಬರ್ರಿ” ಎಂದರು. ಬ್ಯಾಟರಿಯಲ್ಲಿ ನಡೆಯುವ ನಮ್ಮ ಪೆಟ್ಟಿಗೆಗಳನ್ನು ತೆಗೆದು ಕೂತೆವು.

ಸ್ವಲ್ಪ ಹೊತ್ತಿಗೆ ಗಮನಿಸಿದೆ: ಎಲ್ಲಕ್ಕೂ ಅಡಿಯಲ್ಲಿ ಗಂಭೀರವಾದ ಸ್ವರವೊಂದು ಅಲುಗದೆ ನಿಂತಿದೆ. ಅರೆ, ಮಲ್ಲಣ್ಣ ನನಗಾಗಿ ಹಿಡಿದಿದ್ದಾನೆ! ಅಷ್ಟು ದೊಡ್ಡಸ್ತಿಕೆ ಅವನು ತೋರಿಸಿದ ಮೇಲೆ ನಾನು ಅಬ್ಬರಿಸುವುದು ಹೇಗೆ? ಗುಂಡಿ ಇಳಿಸಿ, ನಡುನಡುವೆ ಅವನಿಗೆ ಜಾಗ ಬಿಟ್ಟೆ. ವಿಚಿತ್ರವೆಂದರೆ ಅವನೂ ನನ್ನತ್ತ ನೋಡಿ ತಲೆದೂಗಿ, ನನಗೆ ಜಾಗ ಬಿಡುತ್ತಿದ್ದ. ನಾವು ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಪೆಟ್ಟಿಗೆಗಳು ಹಾಡುತ್ತಲೇ ಇದ್ದವು. ಕೆಳಗಿನ ಸ್ವರ ಮಾತ್ರ ಮೆಲ್ಲಗೆ ಇಳಿಯುತ್ತ ಬಂದು ನಿಂತೇಹೋಯಿತು. ಗೋಡೆಯಾಚೆ ಯಾರೋ ಕೂಗಿದರು: “ಜ್ವಾಳ ಅರ್ಧಾ ಬೀಸೇತ್ರಿ, ಕರೆಂಟ್ ಬಂದ ಮ್ಯಾಲೆ ಬರ್ರಿ!”

ಹಿಟ್ಟಿನ ಗಿರಣಿ!

“ಅದು ನೀ ಹಿಡದದ್ದಲ್ಲ?” ಎಂದ ಮಲ್ಲಣ್ಣ.

“ನಾ ನೀ ಅಂತ ತಿಳಕೊಂಡಿದ್ನೆಪಾ.”

ಶಾಂತಕ್ಕ ನಿಂಬೆಹಣ್ಣು ಬಿಟ್ಟು, ಸೆರಗು ಬಾಯಿಗೆ ಹಚ್ಚಿಕೊಂಡು ನಗತೊಡಗಿದರು. ನನಗೆ ನಗು ಬರಲಿಲ್ಲ. ಒಬ್ಬರಿಗೊಬ್ಬರು ಬಗ್ಗಿದ್ದೇವೆಂದು ನಂಬಿ ನಿಜವಾಗಿಯೇ ಬಗ್ಗಿದ್ದೆವು. ನಂಬಿಕೆಯೇ ಸುಳ್ಳಾದ ಮೇಲೆ ಉಳಿಯುವುದೇನು? ಮಲ್ಲಣ್ಣನ ಕೈ ವೈರಿನತ್ತ ಹೋಯಿತು. ಮತ್ತೆ ಸುತ್ತಿಕೊಂಡು ಹೊರಟ ಎಂದುಕೊಂಡೆ. ಅವನು ವೈರನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಗುಂಡಿಯೊಂದನ್ನು ನಿಧಾನವಾಗಿ ತಿರುವಿದ. ಗಿರಣಿ ಬಿಟ್ಟ ಸ್ವರವನ್ನು ಹುಡುಕಿ ಹಿಡಿದು ಕೂತ. ನಾನು ನುಡಿಸಿದೆ.

ತುಸು ಹೊತ್ತಿಗೆ ಕರೆಂಟು ಬಂತು, ಗೋಡೆಯಾಚೆ ಗುಂಯ್ ಎಂದಿತು.

“ಇನ್ನ ಬಿಡು ಮಲ್ಲಣ್ಣ, ಗಿರಣಿ ಚಾಲೂ ಆತು” ಎಂದೆ.

ಅವನು ಗುಂಡಿಯಿಂದ ಬೆರಳು ತೆಗೆಯಲಿಲ್ಲ.

“ಗಿರಣಿ ನಿನ್ನ ಸಲುವಾಗಿ ತಿರಗಾಕತ್ತಿಲ್ಲಲೇ. ನೀ ನುಡಸು.”