ಪಿಸ್ತಾ ಫ್ರಿಡ್ಜಿಗೆ ಅವ್ವನ ಬೆಣ್ಣೆ

ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ, ಇಲ್ಲವೇ ಸೊಸೆಯ ತಪ್ಪು ಹುಡುಕುತ್ತಾರೆ. ನನಗೆ ಸೊಸೆ ಇಲ್ಲ, ಮೊಣಕಾಲು ಇನ್ನೂ ಹೇಳಿದ ಮಾತು ಕೇಳುತ್ತಿದೆ. ಹಾಗಾಗಿ ನಾನು ಅಡುಗೆಮನೆ ಒಡೆಸಿದೆ.

ಒಡೆಸಿದ್ದು ಹೊಸದು ಮಾಡುವುದಕ್ಕಲ್ಲ, ಹಳೆಯದು ಮಾಡುವುದಕ್ಕೆ. ಇದನ್ನು ತುಮಕೂರಿನಲ್ಲಿ ಯಾರಿಗೆ ಹೇಳಿದರೂ ಒಮ್ಮೆ ನನ್ನ ಮುಖ, ಒಮ್ಮೆ ನನ್ನ ಯಜಮಾನರ ಮುಖ ನೋಡುತ್ತಿದ್ದರು. ಅಕ್ಕಪಕ್ಕದವರೆಲ್ಲ ಮಾಡ್ಯುಲರ್ ಕಿಚನ್ ಮಾಡಿಸಿ ಆಸ್ಪತ್ರೆಯ ಹಾಗೆ ಬೆಳ್ಳಗೆ ಹೊಳೆಸುತ್ತಿದ್ದಾರೆ. ನನಗೆ ಬೇಕಾಗಿದ್ದು ಅರವತ್ತು ವರ್ಷದ ಹಿಂದಿನ ಬಂಗಲೆಗಳಲ್ಲಿ ಇರುತ್ತಿದ್ದಂಥದ್ದು: ಪಿಸ್ತಾ ಹಸಿರಿನ ಬೀರುಗಳು, ಕಪ್ಪು ಬಿಳಿ ಚೌಕದ ನೆಲ, ಓರೆ ಕಾಲಿನ ಮೇಜು, ಮೂಲೆಯಲ್ಲಿ ಭುಜ ದುಂಡಗಿರುವ ಒಂದು ಫ್ರಿಡ್ಜು. ಈಗ ಮೊಬೈಲಿನಲ್ಲಿ ಇದಕ್ಕೆ ರೆಟ್ರೋ ಅನ್ನುತ್ತಾರೆ. ಒಂದು ಚಿತ್ರ ನೋಡಿದ್ದೇ ತಡ, ಆ ಮೊಬೈಲು ನನ್ನನ್ನು ಬಿಡದೆ ದಿನಕ್ಕೆ ನೂರು ಚಿತ್ರ ತೋರಿಸತೊಡಗಿತು.

ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಹಳೇದೇ ಬೇಕು ಅಂದ್ರೆ ಗೂಳೂರಲ್ಲಿ ನಮ್ಮ ದೊಡ್ಡಪ್ಪನ ಮನೇಲಿ ಸೌದೆ ಒಲೆ ಇದೆ ಕಣೇ. ಹೋಗಿ ಊದ್ಕೊಂಡು ಕೂತ್ಕೋ."

"ಅದು ಹಳೇದು ಕಣ್ರೀ. ಇದು ರೆಟ್ರೋ."

"ಎರಡಕ್ಕೂ ಏನು ವ್ಯತ್ಯಾಸ?"

"ಹಳೇದರಲ್ಲಿ ಹೊಗೆ ಬರುತ್ತೆ," ಎಂದೆ. ಅವರು ಪೇಪರ್ ತಿರುವಿ ಹಾಕಿದರು.

ನಿಜವಾದ ಕಾರಣವನ್ನು ನಾನು ಅವರಿಗೂ ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕುಣಿಗಲ್‌ನಲ್ಲಿ. ಮನೆಯಲ್ಲಿ ಎರಡು ಎಮ್ಮೆ ಇದ್ದವು. ಅವ್ವ ವಾರಕ್ಕೊಮ್ಮೆ ಬೆಣ್ಣೆ ಕಡೆದು, ಮುತ್ತುಗದ ಎಲೆಯಲ್ಲಿ ಸುತ್ತಿ, ಕೆರೆ ಏರಿಯಾಚೆ ಇದ್ದ ಒಬ್ಬ ಎಂಜಿನಿಯರರ ಬಂಗಲೆಗೆ ಕೊಟ್ಟು ಬರುತ್ತಿದ್ದಳು. ನನಗೆ ಏಳು ವರ್ಷ ಇದ್ದಾಗ ಒಂದು ದಿನ ನಾನೂ ಹಿಂದೆ ಬಿದ್ದು ಹೋದೆ. ಆ ಮನೆಯ ಅಮ್ಮನವರು ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ದಪ್ಪ ಹಿಡಿಯ ಫ್ರಿಡ್ಜು ತೆಗೆದು, ಸ್ಟೀಲ್ ಲೋಟಕ್ಕೆ ಎರಡು ಐಸ್ ತುಂಡು ಹಾಕಿ ಕೈಗೆ ಕೊಟ್ಟರು. ನಾನು ಕಾಲು ತೂಗಾಡಿಸುತ್ತಾ ಅದನ್ನು ಕಟಕಟ ಕಡಿದು ತಿಂದೆ. ಕೆಳಗೆ ಕಪ್ಪು ಬಿಳಿ ನೆಲ, ಸುತ್ತ ಪಿಸ್ತಾ ಹಸಿರು. ಸ್ವರ್ಗ ಅಂದರೆ ಇಷ್ಟೇ ಇರಬೇಕು ಅನ್ನಿಸಿತು.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಅವ್ವನ ಸೆರಗು ಹಿಡಿದು ಹೇಳಿದೆ, "ಅವ್ವ, ನಾನು ದೊಡ್ಡೋಳಾದ್ಮೇಲೆ ನಿಂಗೆ ಇಂಥದೇ ಅಡುಗೆಮನೆ ಕಟ್ಟಿಸ್ಕೊಡ್ತೀನಿ."

"ಮೊದ್ಲು ಮೂಗು ಒರೆಸ್ಕೋ," ಅಂದಳು ಅವ್ವ.

ಮೂಗು ಒರೆಸಿಕೊಂಡೆ. ಆಮೇಲೆ ಓದು, ನೌಕರಿ, ಮದುವೆ, ಮಕ್ಕಳು ಅಂತ ಐವತ್ತು ವರ್ಷಕ್ಕೂ ಮೇಲೇ ಕಳೆದುಹೋಯಿತು. ಅವ್ವನಿಗೆ ಎಂಬತ್ತು ದಾಟಿತು. ಕುಣಿಗಲ್‌ನಲ್ಲಿ ತಮ್ಮನ ಮನೆಯಲ್ಲಿ ಇದ್ದಾಳೆ, ಮೊಮ್ಮಕ್ಕಳನ್ನು ಗದರಿಸಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಆದರೂ ಎಂಬತ್ತು ಎಂಬತ್ತೇ. ಮೊದಲ ತಿಂಗಳ ಪಿಂಚಣಿ ಬಂದ ದಿನ ನಾನು ತೀರ್ಮಾನಿಸಿಬಿಟ್ಟೆ: ಆ ಅಡುಗೆಮನೆ ಆಗಬೇಕು, ಅದರಲ್ಲಿ ಅವ್ವನೇ ನಿಂತು ಮೊದಲ ಹಾಲು ಉಕ್ಕಿಸಬೇಕು. ಅವ್ವನಿಗೆ ಮೊದಲೇ ಏನೂ ಹೇಳಬಾರದು, ಕಣ್ಣಾರೆ ನೋಡಿಯೇ ಬೆರಗಾಗಬೇಕು.

ಮನಸ್ಸಿನಲ್ಲಿ ಅಡುಗೆಮನೆ ಕಟ್ಟುವುದು ಸುಲಭ. ಶಿರಾ ಗೇಟಿನ ಟೈಲ್ಸ್ ಅಂಗಡಿಗೆ ಹೋಗಿ ಕಪ್ಪು ಬಿಳಿ ಚೌಕ ಬೇಕು ಅಂದೆ. ಅಂಗಡಿಯವನ ಮುಖ ಅರಳಿತು.

"ಬೇಕರಿ ಹಾಕ್ತಿದೀರಾ ಮೇಡಂ? ಒಳ್ಳೇ ಬಿಜಿನೆಸ್ಸು."

"ಅಲ್ಲಪ್ಪ, ಮನೆಗೆ."

"ಮನೇಲೇ ಬೇಕರೀನಾ?"

ಬಡಗಿಯದು ಇನ್ನೊಂದು ಕಥೆ. ಗುಬ್ಬಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಆತ ಕೈಕೆಲಸದಲ್ಲಿ ಎತ್ತಿದ ಕೈ, ಕೇಳುವುದರಲ್ಲಿ ಮಾತ್ರ ಮೊಂಡ. ಮೇಜಿನ ಕಾಲು ಕೆಳಗೆ ಹೋಗುತ್ತಾ ಸಣ್ಣಗಾಗಬೇಕು, ಹೊರಕ್ಕೆ ಓರೆಯಾಗಿ ನಿಲ್ಲಬೇಕು ಎಂದು ಚಿತ್ರ ತೋರಿಸಿ ಹೇಳಿದೆ. ಆತ ಮೊಬೈಲನ್ನೇ ಓರೆ ಮಾಡಿ ನೋಡಿದ, ಹಾಗೆ ಹಿಡಿದರೆ ಕಾಲು ನೆಟ್ಟಗಾಗುತ್ತದೇನೋ ಅಂತ.

"ಅಕ್ಕಾ, ನಲವತ್ತು ವರ್ಷದಿಂದ ಕಾಲು ನೆಟ್ಟಗೆ ನಿಲ್ಸೋದು ಕಲ್ತಿವ್ನಿ. ಈಗ ಸೊಟ್ಟ ಮಾಡು ಅಂತೀರಲ್ಲ. ಗುಬ್ಬೀಲಿ ಯಾರಾದ್ರೂ ನೋಡಿದ್ರೆ, ಕುಡ್ದು ಕೆಲ್ಸ ಮಾಡವ್ನೆ ಅಂತಾರೆ."

ಮೊದಲ ಮೇಜು ನೆಟ್ಟ ಕಾಲಿನದೇ ಬಂತು. ವಾಪಸು ಕಳಿಸಿದೆ. ಎರಡನೆಯದರಲ್ಲಿ ಮೂರು ಕಾಲು ಓರೆ, ಒಂದು ನೆಟ್ಟಗೆ. "ಭದ್ರಕ್ಕೆ ಒಂದಾದ್ರೂ ಇರ್ಲಿ ಅಂತ ಬುಟ್ಟೆ ಅಕ್ಕಾ," ಅಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ನಾನು ಹಾರಾಡಿದೆ. ಯಜಮಾನರು ಆ ಮೇಜಿಗೊಂದು ಪ್ರದಕ್ಷಿಣೆ ಹಾಕಿ, ಈ ಮನೆಯಲ್ಲಿ ನೆಟ್ಟಗಿರುವುದು ಇದೊಂದೇ, ಹಾಗೇ ಇರಲಿ ಎಂದರು. ಕೊನೆಗೆ ನಾಲ್ಕೂ ಕಾಲು ಓರೆಯಾದವು. ಆದರೆ ಆ ಪುಣ್ಯಾತ್ಮ ಮೇಜಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಒಂದು ನೆಟ್ಟನೆಯ ಅಡ್ಡಪಟ್ಟಿ ಹೊಡೆದು ತನ್ನ ಮರ್ಯಾದೆ ಉಳಿಸಿಕೊಂಡ. ಅದು ನನಗೆ ಗೊತ್ತಾದದ್ದು ನೆಲ ಒರೆಸುವಾಗ, ತಲೆಗೆ ಪೆಟ್ಟು ಬಿದ್ದ ಮೇಲೆ.

ಇನ್ನು ಫ್ರಿಡ್ಜು. ಹೊಸದಾಗಿ ಹಳೆಯ ಥರ ಮಾಡಿರುವವು ಸಿಗುತ್ತವಂತೆ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ನಾನು ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ದುಂಡು ಭುಜದ, ದಪ್ಪ ಹಿಡಿಯ ನಿಜವಾದ ಮುದುಕ ಫ್ರಿಡ್ಜನ್ನೇ ಹಿಡಿದು, ಮೋಟಾರು ರಿಪೇರಿ ಮಾಡಿಸಿದೆ. ಮೈತುಂಬ ತುಕ್ಕು. ಇಲ್ಲೇ ಊರಂಚಿನ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವ ಪೇಂಟರ್ ಒಬ್ಬ ಒಪ್ಪಿಕೊಂಡ. ಬಣ್ಣ ಬರೀ ಬಾಯಲ್ಲಿ ಹೇಳಿದರೆ ಎಡವಟ್ಟಾಗುತ್ತದೆಂದು ಪಿಸ್ತಾ ಹಸಿರಿನ ರವಿಕೆ ಬಟ್ಟೆಯನ್ನೇ ಕೈಗೆ ಕೊಟ್ಟು, "ಇದೇ ಬಣ್ಣ. ಒಂದೇ ಬಣ್ಣ" ಎಂದು ಮೂರು ಸಲ ಹೇಳಿ ಬಂದೆ. ಒಂದು ವಾರ ಅಂದವನು ನಾಲ್ಕು ವಾರ ಮಾಡಿದ. ಹಾಲು ಉಕ್ಕಿಸುವ ಸೋಮವಾರ ಬಂದರೂ ಫ್ರಿಡ್ಜು ಬಂದಿರಲಿಲ್ಲ.

ಆ ದಿನ ರಾಹುಕಾಲ ಕಳೆದ ಮೇಲೆ, ಹತ್ತೂವರೆಯೊಳಗೆ ಹಾಲು ಉಕ್ಕಬೇಕೆಂದು ಕ್ಯಾಲೆಂಡರು ಹೇಳಿತ್ತು. ಒಂಬತ್ತೂವರೆಗೆ ಯಜಮಾನರು ಬಸ್ ಸ್ಟ್ಯಾಂಡಿನಿಂದ ಅವ್ವನನ್ನು ಕರೆತಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನನ್ನ ಗಲ್ಲ ಹಿಡಿದು, ಬಡಕಲಾಗಿದೀಯ ಅಂದಳು. ಆಗಿಲ್ಲ. ಅವಳ ಕಣ್ಣು ಮುಚ್ಚುವುದೊಂದು ಬಾಕಿ, ನಾನು ಅಡುಗೆಮನೆಯವರೆಗೆ ನಡೆಸಿಕೊಂಡು ಹೋಗಿ, "ಈಗ ನೋಡವ್ವ" ಎಂದೆ.

ಅವ್ವ ನೋಡಿದಳು. ಬೀರು ನೋಡಿದಳು, ಮೇಜು ನೋಡಿದಳು. ನೆಲ ನೋಡಿದಳು. ಹೊಸಿಲಿನ ಈಚೆಗೇ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬಾರವ್ವ ಒಳಗೆ."

"ಚೆನ್ನಾಗೈತೆ ಕಣವ್ವ. ನಾನು ಇಲ್ಲೇ ನಿಂತ್ಕತೀನಿ ಬುಡು. ಬಸ್ಸಲ್ಲಿ ಬಂದ ಕಾಲು, ನೆಲ ಕೊಳೆ ಆಯ್ತದೆ."

"ಆದ್ರೆ ಒರೆಸ್ತೀನಿ. ಹಾಲು ಉಕ್ಕಿಸ್ಬೇಕು, ಬಾ."

"ನೀನೇ ಉಕ್ಸು. ಇಲ್ಲಿಂದ ಎಲ್ಲಾ ಕಾಣ್ತದೆ ನಂಗೆ."

ಹಾಗೆ ಹೇಳುತ್ತಾ ಅವಳು ಒಂದು ಪಾದದ ಧೂಳನ್ನು ಇನ್ನೊಂದು ಪಾದದ ಮೇಲೆ ಉಜ್ಜಿಕೊಂಡಳು. ಅದನ್ನು ನಾನು ಮೊದಲೂ ನೋಡಿದ್ದೆ. ಆ ಬಂಗಲೆಯ ಸ್ಟೂಲಿನ ಮೇಲೆ ಕೂತು, ಲೋಟದ ಅಂಚಿನ ಮೇಲಿಂದ ನೋಡಿದ್ದೆ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅವ್ವ ಹೀಗೇ ಕಾಲು ಉಜ್ಜಿಕೊಂಡು ನಿಂತಿದ್ದಳು. "ಈಗಷ್ಟೇ ನೆಲ ಒರೆಸಿದೀನಿ, ಅಲ್ಲಿಂದಲೇ ಕೊಡು" ಎಂದಿದ್ದರು ಆ ಅಮ್ಮನವರು, ಗದರಿಸಿ ಏನಲ್ಲ, ಸಲೀಸಾಗಿಯೇ. ನನ್ನನ್ನು ಮಾತ್ರ ಕಂಕುಳಿಗೆ ಕೈ ಕೊಟ್ಟು ಒಳಗೆ ಎತ್ತಿಕೊಂಡಿದ್ದರು.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನೆನೆಸಿಕೊಂಡು ಬಂದ ಆ ಅಡುಗೆಮನೆಯ ಒಳಗೆ ಅವ್ವ ಒಂದು ದಿನವೂ ಕಾಲಿಟ್ಟಿರಲಿಲ್ಲ. ಅವಳನ್ನು ಹೊರಗೆ ನಿಲ್ಲಿಸಿದ ನೆಲವನ್ನೇ ನಾನು ಶಿರಾ ಗೇಟಿನಿಂದ ಆರಿಸಿ ತಂದು ಹಾಸಿದ್ದೆ. ನನಗೆ ನಾಚಿಕೆಯಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಬಡಗಿಯನ್ನು ಬೈದಿದ್ದೆನಲ್ಲ, ಆ ಮಾತು ನನಗೇ ಸರಿಯಾಗಿತ್ತು. ಗಡಿಯಾರದಲ್ಲಿ ಹತ್ತಾಗಿತ್ತು. ಯಜಮಾನರು ನನ್ನ ಮುಖ ನೋಡಿ, ಮೊದಲ ಸಲ, ತಮಾಷೆ ಮಾಡಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಲಗೇಜ್ ಆಟೋ ಹಾರ್ನು ಹೊಡೆಯಿತು. ಪೇಂಟರ್ ಮತ್ತು ಆಟೋದವನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಫ್ರಿಡ್ಜನ್ನು ಹೊತ್ತು ತಂದರು. ಅವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೂಲೆಯಲ್ಲಿ ನಿಲ್ಲಿಸಿ, ಪೇಂಟರ್ ಬೆಡ್‌ಶೀಟ್ ಎಳೆದ.

ಬಣ್ಣ ಪಿಸ್ತಾ ಹಸಿರೇ. ನನ್ನ ರವಿಕೆ ಬಟ್ಟೆಯದೇ. ಆದರೆ ಬಾಗಿಲಿನ ಮೇಲೆ, ಲಾರಿಯ ಹಣೆಯ ಮೇಲೆ ಬರೆಯುತ್ತಾರಲ್ಲ, ಹಾಗೆ ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು: ತಾಯಿಯ ಆಶೀರ್ವಾದ. ಕೆಳಗೆ ಎರಡು ತಾವರೆ. ಸುತ್ತ ಕೆಂಪು ಪಟ್ಟಿ.

ನಾನು ಕಿರುಚಿದೆ ಅಂತ ಯಜಮಾನರು ಹೇಳುತ್ತಾರೆ. ನನಗೆ ನೆನಪಿಲ್ಲ.

"ಒಂದೇ ಬಣ್ಣ ಅಂತ ಮೂರು ಸಲ ಹೇಳಿದ್ನಲ್ಲಪ್ಪ!"

"ಬಣ್ಣ ಒಂದೇ ಹೊಡ್ದಿರೋದು ಮೇಡಂ. ಇದು ಬರವಣಿಗೆ," ಅಂದ ಪೇಂಟರ್, ಸಮಾಧಾನವಾಗಿ. "ನಮ್ ಶೆಡ್‌ಗೆ ಬಂದ ಯಾವ ಗಾಡೀನೂ ಬೋಳು ಬೋಳಾಗಿ ಆಚೆ ಹೋಗಕ್ಕಿಲ್ಲ. ಅಪಶಕುನ."

"ಇದು ಗಾಡಿನಾ?"

ಆತ ಬಗ್ಗಿ ಫ್ರಿಡ್ಜಿನ ಸ್ಟ್ಯಾಂಡ್ ತೋರಿಸಿದ. "ಚಕ್ರ ಅವೆಯಲ್ಲ ಮೇಡಂ."

ಯಜಮಾನರಿಗೆ ನಗು ತಡೆಯಲಾಗಲಿಲ್ಲ, ಗೋಡೆ ಕಡೆ ತಿರುಗಿ ನಿಂತರು. ನಾನು ಇನ್ನೂ ಏನೋ ಹೇಳುವವಳಿದ್ದೆ. ಆಗ ಬಾಗಿಲ ಕಡೆಯಿಂದ ದನಿ ಕೇಳಿಸಿತು. ಅವ್ವ ಓದುತ್ತಿದ್ದಳು. ಅವಳು ಓದು ಕಲಿತದ್ದು ನಡುವಯಸ್ಸಿನಲ್ಲಿ, ಬಸ್ಸಿನ ಬೋರ್ಡು ನೋಡಿ ನೋಡಿ. ಈಗಲೂ ಒಂದೊಂದೇ ಅಕ್ಷರ ಹಿಡಿದು ದಾಟುತ್ತಾಳೆ.

"ತಾ... ಯಿ... ಯ... ಆ... ಶೀ... ರ್ವಾ... ದ." ಆಮೇಲೆ ಗಟ್ಟಿಯಾಗಿ, "ನನ್ನ ಕೇಳ್ದೆ ಯಾರ್ಲಾ ನನ್ನ ಆಶೀರ್ವಾದ ಬರ್ದಿದ್ದು?"

ಪೇಂಟರ್ ಬೆಚ್ಚಿ, "ನಾನೇ ಅಜ್ಜಿ" ಅಂದ.

"ಎಲ್ಲಿ ನೋಡನ," ಅಂದವಳೇ ಅವ್ವ ಹೊಸಿಲು ದಾಟಿ ಬಂದುಬಿಟ್ಟಳು. ಬಸ್ಸಲ್ಲಿ ಬಂದ ಕಾಲು ಕಪ್ಪು ಚೌಕದ ಮೇಲೆ ಒಂದು, ಬಿಳಿ ಚೌಕದ ಮೇಲೆ ಒಂದು ಬಿತ್ತು. ಅವಳು ಫ್ರಿಡ್ಜಿನ ಮುಂದೆ ನಿಂತು, ಬೆರಳಿಗೆ ಎಂಜಲು ಹಚ್ಚಿ, ಅಕ್ಷರದ ಮೇಲೆ ಉಜ್ಜಿ ನೋಡಿದಳು. ಹೋಗಲಿಲ್ಲ.

"ಗಟ್ಟಿ ಬಣ್ಣ," ಅಂದಳು.

"ಹತ್ತು ವರ್ಷ ಗ್ಯಾರಂಟಿ ಅಜ್ಜಿ. ಮೇಡಂ ಬ್ಯಾಡ ಅಂತಾವ್ರೆ, ಬೇಕಾದ್ರೆ ಅಳಿಸಿಕೊಡ್ತೀನಿ."

"ಅಳ್ಸು, ನೋಡ್ತೀನಿ!" ಅಂದು ನನ್ನ ಕಡೆ ತಿರುಗಿದಳು. "ಟೈಮ್ ಎಷ್ಟೇ? ಹಾಲೆಲ್ಲಿ?"

ಹತ್ತೂಕಾಲಾಗಿತ್ತು. ಅವ್ವ ಸೆರಗು ಸಿಕ್ಕಿಸಿ, ಹೊಸ ಒಲೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಹಾಲು ಇಟ್ಟಳು. ಎಲ್ಲರೂ ಪಾತ್ರೆಯನ್ನೇ ನೋಡುತ್ತಾ ನಿಂತೆವು, ಪೇಂಟರೂ. ಹಾಲು ಉಬ್ಬಿ, ಪೂರ್ವಕ್ಕೇ ಉಕ್ಕಿ, ನಾನು ಮೂರು ದಿನದಿಂದ ಒರೆಸಿ ಒರೆಸಿ ಇಟ್ಟಿದ್ದ ಕಟ್ಟೆಯ ಮೇಲೆಲ್ಲ ಹರಿಯಿತು. "ಶಿವನೇ," ಅಂದಳು ಅವ್ವ. ನನಗೆ ಅಳು ಬಂತು, ಅತ್ತುಬಿಟ್ಟೆ.

ಆಮೇಲೆ ಅವಳು ವೈರಿನ ಬುಟ್ಟಿಯಿಂದ ಮುತ್ತುಗದೆಲೆಯ ಪೊಟ್ಟಣ ತೆಗೆದಳು. ಬೆಣ್ಣೆ. ಎಮ್ಮೆ ಹೋಗಿ ಎಷ್ಟೋ ವರ್ಷವಾಯಿತು, ತಮ್ಮನ ಮನೆಗೆ ಬರುವ ಹಾಲಿನ ಕೆನೆಯನ್ನೇ ಕೂಡಿಟ್ಟು ಕಡೆದಿದ್ದಳು. ನಾನು ಅಭ್ಯಾಸಬಲದಿಂದ ಕೈ ಚಾಚಿ, "ಕೊಡವ್ವ, ಒಳಗಿಡ್ತೀನಿ" ಎಂದೆ.

"ನೀನ್ಯಾಕೆ? ನಾನೇ ಇಡ್ತೀನಿ."

ದಪ್ಪ ಹಿಡಿಯನ್ನು ಎಳೆದು ಬಾಗಿಲು ತೆಗೆದಳು. ಬೆಣ್ಣೆಯನ್ನು ಮೇಲಿನ ತಟ್ಟೆಯಲ್ಲಿಟ್ಟು, ತಲೆಯನ್ನೂ ಒಳಗೆ ತೂರಿಸಿದಳು. ಒಳಗಿನಿಂದಲೇ ಅವಳ ದನಿ ಬಂತು. "ಇದೇನೇ, ತಣ್ಣಗೇ ಇಲ್ವಲ್ಲ!"

ಗಲಾಟೆಯಲ್ಲಿ ಯಾರೂ ಪ್ಲಗ್ಗೇ ಹಾಕಿರಲಿಲ್ಲ. ಪೇಂಟರ್ ಓಡಿಹೋಗಿ ಹಾಕಿದ. ಮುದುಕ ಫ್ರಿಡ್ಜು ಒಮ್ಮೆ ಕೆಮ್ಮಿ, ಗುರ್ ಅಂದಿತು. ಅವ್ವ ಬಾಗಿಲು ಹಾಕದೆ, ಕೈಯನ್ನು ಮೇಲಿನ ಐಸಿನ ಗೂಡಿನೊಳಗೇ ಇಟ್ಟುಕೊಂಡು ನಿಂತಳು.

"ಬಾಗಿಲು ಹಾಕವ್ವ, ತಂಪು ಆಚೆ ಹೋಗುತ್ತೆ."

"ಹೋಗ್ಲಿ ಬುಡು," ಅಂದಳು. "ಅವತ್ತು ಆಯಮ್ಮ ನಿಂಗೆ ಐಸು ಕೊಟ್ಟಿತ್ತಲ್ಲ, ನೀನು ಕಟಕಟ ಅಂತ ತಿಂತಿದ್ದೆ. ಎಂಗಿತ್ತೋ ಅಂತ ಬಾಗ್ಲಲ್ಲಿ ನಿಂತ್ಕಂಡು ಅಂದ್ಕಂಡಿದ್ದೆ."

ಎರಡು ತುಂಡು ಕೊಟ್ಟಿದ್ದರು. ನಾನು ಅವ್ವನಿಗೆ ಒಂದು ಚೂರೂ ಉಳಿಸಿರಲಿಲ್ಲ.

ಐಸಿನ ಟ್ರೇ ತೊಳೆದು ನೀರು ತುಂಬಿ ಇಟ್ಟೆ. ಅದು ಗಟ್ಟಿಯಾಗುವವರೆಗೆ ಅವ್ವನನ್ನು ಕುಣಿಗಲ್ ಬಸ್ಸು ಹತ್ತಲು ಬಿಡಲಿಲ್ಲ.