ಗುರುಬಸಪ್ಪ ಮೇಷ್ಟರ ಒಂದು ಕೈ ಅಂತರ

ಗುರುಬಸಪ್ಪ ಮೇಷ್ಟರು ಕುಳಿತದ್ದನ್ನು ಹನ್ನೆರಡು ವರ್ಷಗಳಲ್ಲಿ ನಾನು ಎರಡೇ ಸಲ ನೋಡಿದ್ದು. ಒಮ್ಮೆ ಕಾಲು ಉಳುಕಿದಾಗ, ಇನ್ನೊಮ್ಮೆ ಅವರಿಗೆ ಗಣಿತ ಕೊಟ್ಟ ದಿನ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವುದೂ ಓಡಾಡಿಕೊಂಡೇ. ಬಸವೇಶ್ವರನಗರದ ನಮ್ಮ ಶಾಲೆಯಲ್ಲಿ ನಾನು ಕನ್ನಡದ ಮಿಸ್, ಅವರು ಪಿ.ಟಿ. ಮೇಷ್ಟರು. ಕೊರಳಲ್ಲಿ ಸೀಟಿ, ಬಾಯಲ್ಲಿ ಸದಾ ಒಂದೇ ಮಾತು: ‘ಒಂದು ಕೈ ಅಂತರ.’ ಮಕ್ಕಳು ಕೈ ಚಾಚಿ, ಮುಂದಿನವರ ಭುಜ ಮುಟ್ಟಿ ಸಾಲು ಸರಿಮಾಡಿಕೊಳ್ಳಬೇಕು. ಸಾಲು ಒಂದು ಗೇಣು ಸೊಟ್ಟಗಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಮೈದಾನದಲ್ಲಿ ಹೊಸ ಕಟ್ಟಡ ಏಳತೊಡಗಿದಾಗ ಪಿ.ಟಿ. ಪೀರಿಯಡ್‌ಗಳು ಕರಗಿದವು. ಅದೇ ಹೊತ್ತಿಗೆ ಗಣಿತದ ಮಿಸ್ ಬಿಟ್ಟುಹೋದರು. ಯಾವ ಕಾಲದಲ್ಲೋ ಬಿ.ಎಸ್ಸಿ. ಮಾಡಿದ್ದ ತಪ್ಪಿಗೆ ಎಂಟನೇ ತರಗತಿಯ ಗಣಿತ ಗುರುಬಸಪ್ಪನವರ ತಲೆಗೆ ಬಿತ್ತು. ಬಾಕ್ಸ್ ಪ್ಲಾಟ್ ಪಾಠ ನೋಡಲು ಶುಕ್ರವಾರ ಬರುತ್ತೇನೆ ಎಂದರು ಕಾರ್ಯದರ್ಶಿ ವಿಶ್ವಾರಾಧ್ಯರು. ಪಾಠ ಕೆಟ್ಟರೆ ಸೋಮವಾರದಿಂದ ಬೇರೆಯವರು. ಗಣಿತ ಹೋದರೆ ಇವರ ಕೆಲಸವೇ ಹೋದಂತೆ. ಐವತ್ತೆರಡರ ಪಿ.ಟಿ. ಮೇಷ್ಟರನ್ನು ಇನ್ಯಾರು ಕರೆದು ಕೂರಿಸುತ್ತಾರೆ? ಕರೆದರೂ ಇವರು ಕೂರುತ್ತಾರೆಯೇ?

ಬಾಕ್ಸ್ ಪ್ಲಾಟ್ ಬ್ರಹ್ಮವಿದ್ಯೆಯೇನಲ್ಲ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಾಲ್ಕು ಸಮ ಪಾಲು ಮಾಡಬೇಕು. ನಡುವಿನ ಎರಡು ಪಾಲಿನ ಸುತ್ತ ಒಂದು ಪೆಟ್ಟಿಗೆ, ಅದರ ಎರಡೂ ಕಡೆ ತುದಿಯವರೆಗೆ ಗೆರೆ. ಬೋರ್ಡಿನ ಮುಂದೆ ನಿಂತಲ್ಲೇ ನಿಲ್ಲಲಾರದ ಗುರುಬಸಪ್ಪನವರು ಬುಧವಾರ ಇಪ್ಪತ್ತನಾಲ್ಕು ಮಕ್ಕಳನ್ನೂ ಮೈದಾನಕ್ಕೆ ಇಳಿಸಿದರು. ಮನೆಯಿಂದ ಶಾಲೆಗೆ ಎಷ್ಟು ನಿಮಿಷ ಎಂದು ಪ್ರತಿಯೊಬ್ಬರನ್ನೂ ಕೇಳಿ, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರು. ನಡುವಿನ ಹನ್ನೆರಡು ಮಕ್ಕಳ ಸುತ್ತ ಹಗ್ಗಜಗ್ಗಾಟದ ಹಗ್ಗ ಎಳೆದರು. ಅದೇ ಪೆಟ್ಟಿಗೆ. ಆಮೇಲೆ ಅಭ್ಯಾಸಬಲದಿಂದ ಕೂಗಿದರು: ‘ಒಂದು ಕೈ ಅಂತರ.’

ಸಾಲು ನೂಲು ಹಿಡಿದಂತೆ ನಿಂತಿತು. ನಾಲ್ಕು ಪಾಲೂ ಒಂದೇ ಉದ್ದ. ಕಿಟಕಿಯಲ್ಲಿದ್ದ ನನ್ನ ಕಡೆ ನೋಡಿ ಮೇಷ್ಟರು ಮೀಸೆ ತೀಡಿದರು. ಆಗ ಸಾಲಿನ ಕೊನೆಯಲ್ಲಿದ್ದ ಕವನಾ ಕೈ ಎತ್ತಿದಳು. ದಿನಾ ತಡವಾಗಿ ಬರುವ ಹುಡುಗಿ. ತಡವಾದವರಿಗೆ ಮೈದಾನ ಎರಡು ಸುತ್ತು ಓಡುವ ಶಿಕ್ಷೆಯಿತ್ತು. ಮೈದಾನ ಅರ್ಧವಾದ ಮೇಲೆ ಮೇಷ್ಟರು ಅದನ್ನು ನಾಲ್ಕು ಸುತ್ತು ಮಾಡಿದ್ದರು.

“ಸಾರ್, ಯೋಗಾನಂದಂದು ನಲವತ್ತು ನಿಮಿಷ, ನಂದು ಎಪ್ಪತ್ತೈದು. ಇಬ್ರೂ ಅಕ್ಕಪಕ್ಕ ನಿಂತಿದೀವಲ್ಲ?”

ತೆಪ್ಪಗೆ ನಿಲ್ಲು ಎಂದು ಗದರಿದರು. ಆದರೆ ಮಾತು ನಾಟಿತ್ತು. ಗುರುವಾರವಿಡೀ ಕಾರಿಡಾರಿನಲ್ಲಿ ಶತಪಥ ಹಾಕಿದರು, ಟೀ ಆರಿಹೋಯಿತು. ಹುಡುಗಿ ಹೇಳಿದ್ದು ಕನ್ನಡದ ಮಿಸ್ ಆದ ನನಗೇ ಅರ್ಥವಾಯಿತಲ್ಲ ಎಂದು ಕಿಚಾಯಿಸಿದೆ. ಅವರು ನಗಲಿಲ್ಲ. ಅವಳ ಮನೆ ಎಲ್ಲಿ ಎಂದು ಕೇಳಿದರು. ಹೋದ ವರ್ಷ ಕುಂಬಳಗೋಡಿನ ಆಚೆಗೆ ಮನೆ ಬದಲಾಯಿಸಿದ್ದಾರೆ, ಎರಡು ಬಸ್ಸು, ಮೇಲೆ ನಡಿಗೆ ಎಂದೆ. ಒಂದು ವರ್ಷ ಅವರು ಕೇಳಿರಲಿಲ್ಲ. ಗೊತ್ತಿದ್ದ ನಾನೂ ಹೇಳಿರಲಿಲ್ಲ. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಉದ್ದ ಗೆರೆ ಎಳೆದು, ನಿಮಿಷಕ್ಕೊಂದು ಅಡಿಯಂತೆ ಗುರುತು ಹಾಕಿದರು. ಉಳಿದ ಮೈದಾನ ಅರವತ್ತು ಅಡಿಗೇ ಮುಗಿದುಹೋಗಿತ್ತು. ಮೇಷ್ಟರು ಗೇಟು ತೆಗೆಸಿ ಗೆರೆಯನ್ನು ಫುಟ್‌ಪಾತಿಗೆ ಒಯ್ದರು. ಮಕ್ಕಳು ತಮ್ಮ ತಮ್ಮ ನಿಮಿಷದ ಮೇಲೆ ನಿಂತರು. ನಾಲ್ಕು ಪಾಲಿಗೂ ಸುಣ್ಣದಲ್ಲೇ ಅಡ್ಡಗೆರೆ ಬಿತ್ತು. ಎಂಟರಿಂದ ಹನ್ನೆರಡರೊಳಗೆ ಆರು ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಎಪ್ಪತ್ತೈದರಲ್ಲಿ, ಎಳನೀರಿನ ಗಾಡಿಯ ಪಕ್ಕ, ಕವನಾ ಒಬ್ಬಳೇ.

“ಏನ್ ಮೇಷ್ಟ್ರೇ, ಇದು ಸಾಲೋ ಸಂತೆಯೋ?” ಎಂದರು ವಿಶ್ವಾರಾಧ್ಯರು.

ಮೇಷ್ಟರ ಕೈ ಸೀಟಿಗೆ ಹೋಯಿತು. ಊದಿದರೆ ಮಕ್ಕಳು ಮತ್ತೆ ಒಂದು ಕೈ ಅಂತರಕ್ಕೆ ಬಂದುಬಿಡುತ್ತಿದ್ದರು. ಅವರು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದರು, ಊದಲಿಲ್ಲ. ಪ್ರತಿ ಪಾಲಿನ ತಲೆ ಎಣಿಸಿ ಎಂದು ಕಾರ್ಯದರ್ಶಿಗಳನ್ನೇ ಕೇಳಿಕೊಂಡರು. ಎಲ್ಲದರಲ್ಲೂ ಆರೇ. ಪಾಲು ಸಮ, ಹರವು ಬೇರೆ. ಉದ್ದ ಪಾಲೆಂದರೆ ಹೆಚ್ಚು ಮಕ್ಕಳಲ್ಲ, ದೂರ ದೂರದ ಮಕ್ಕಳು ಎಂದರು. ಗೇಟಿನಾಚೆ ಯಾಕೆ ಆ ಹುಡುಗಿ ಎಂದು ವಿಶ್ವಾರಾಧ್ಯರು ಕೇಳಿದರು.

“ಅವಳು ಬರೋದೇ ಅಷ್ಟು ದೂರದಿಂದ ಸಾರ್. ನಾನು ಒಂದು ವರ್ಷದಿಂದ ಅವಳನ್ನ ಓಡಿಸ್ತಾ ಇದ್ದೆ.”

ಕಾರ್ಯದರ್ಶಿಗಳು ತೀರ್ಮಾನ ತಿಳಿಸದೆ ಹೊರಟುಹೋದರು. ಶನಿವಾರ, ಭಾನುವಾರ ಮೇಷ್ಟರು ನನಗೆ ಹನ್ನೊಂದು ಸಲ ಫೋನ್ ಮಾಡಿದರು. ಸೋಮವಾರ ನೋಟೀಸ್ ಬೋರ್ಡಿನ ವೇಳಾಪಟ್ಟಿಯಲ್ಲಿ, ಗಣಿತದ ಮುಂದೆ ಅವರ ಹೆಸರೇ ಇತ್ತು. ಅದನ್ನು ಅವರು ಇನ್ನೂ ಓದುತ್ತಿದ್ದಾಗಲೇ ಗೇಟು ಕಿರುಗುಟ್ಟಿತು. ಕವನಾ ಬಂದಳು, ಗಡಿಯಾರ ನೋಡಿದಳು, ಯಾರೂ ಹೇಳದೆಯೇ ಬ್ಯಾಗನ್ನು ಕಂಬದ ಬುಡದಲ್ಲಿಟ್ಟು ಓಡಲು ಶುರುಮಾಡಿದಳು.

ಮೇಷ್ಟರು ಅವಳ ಹಿಂದೆಯೇ ಓಡಿದರು. ಎರಡನೇ ತಿರುವಿನಲ್ಲಿ ಸಿಕ್ಕಳು. ಏದುಸಿರು ಬಿಡುತ್ತಾ ಅವಳಿಗೆ ಅಡ್ಡ ನಿಂತರು.

“ಸಾಕು ಕಣಮ್ಮ,” ಎಂದರು. “ನಡಿ ಕ್ಲಾಸಿಗೆ.”

ಅವಳ ಬ್ಯಾಗನ್ನು ಅವರೇ ಎತ್ತಿಕೊಂಡು ಬಂದರು.